ನಾದಿನಿಯ ‘ಕುರುಡು ನೋಡಿ’

ಅಂಕೋಲೆ ಪೇಟೆಯಲ್ಲಿ ನೀವು ಯಾರನ್ನು ಬೇಕಾದರೂ ದಾರಿ ಕೇಳಿ, ನನ್ನ ನಾದಿನಿಯನ್ನು ಮಾತ್ರ ಕೇಳಬೇಡಿ. ಕೇಳಿದಿರೋ, ನಿಮ್ಮ ಬಸ್ಸು ತಪ್ಪಿತು ಎಂದೇ ತಿಳಿಯಿರಿ! ಅವಳಿಗೆ ದಾರಿ ಗೊತ್ತಿಲ್ಲವೆಂದಲ್ಲ. ಗೊತ್ತಿರುವುದೇ ತೊಂದರೆ.

ಮಕ್ಕಳೇ, ನೀವು ‘ಕಾರವಾರ ಅಜ್ಜಿ’ ಎಂದು ಕರೆಯುವ ಇವಳು ನಿಮ್ಮ ಅಜ್ಜನ ಬೆನ್ನಿಗೆ ಬಿದ್ದ ತಂಗಿ. ಈಗ ಭಾವಿಕೇರಿಯ ನಮ್ಮ ಮನೆಯಲ್ಲೇ ಇದ್ದರೂ ಆ ಹೆಸರು ಹೋಗಿಲ್ಲ. ಪ್ರಾಯವನ್ನೆಲ್ಲ ಅವಳು ಕಾರವಾರದ ಒಂದು ಗ್ರಂಥಾಲಯದಲ್ಲಿ ಕಳೆದವಳು. ಯಾವ ವಿಷಯ ಯಾವ ಪುಸ್ತಕದಲ್ಲಿದೆ ಎಂದು ಸಣ್ಣ ಸಣ್ಣ ಕಾರ್ಡುಗಳ ಮೇಲೆ ಬರೆದು, ಮರದ ಡ್ರಾಯರಿನಲ್ಲಿ ಅಕ್ಷರದ ಸಾಲಿನಂತೆ ಜೋಡಿಸಿಡುವುದು ಅವಳ ಕೆಲಸವಾಗಿತ್ತು. ಆಮೇಲೆ ಕಂಪ್ಯೂಟರ್ ಬಂತು, ಡ್ರಾಯರುಗಳು ಹೋದವು, ಇವಳೂ ನಿವೃತ್ತಳಾದಳು. ಆದರೆ ತಲೆಯೊಳಗಿನ ಡ್ರಾಯರನ್ನು ಯಾವ ಸರ್ಕಾರ ಹೊತ್ತೊಯ್ಯುತ್ತದೆ?

ನಾನಾದರೋ ಊರ ಶಾಲೆಯಲ್ಲಿ ಏಳನೆಯ ಇಯತ್ತೆ ಮುಗಿಸಿದವಳು. ಇಬ್ಬರು ಎದುರು ನಿಂತರೆ ಮೂರನೆಯವರ ಬೆನ್ನ ಹಿಂದೆ ಹೋಗುವ ಜಾತಿ. ಅಂಥವಳು ಇಂಥವಳ ಜೊತೆ ಪೇಟೆಗೆ ಹೋಗಬೇಕು ಎಂದರೆ ನನ್ನ ಪಾಡು ಏನಾಗಬೇಡ!

ಒಂದು ಬೆಳಿಗ್ಗೆ ಮೀನು ಕೊಂಡುಕೊಂಡು ಬಸ್‌ಸ್ಟ್ಯಾಂಡಿನ ಕಡೆ ಬರುತ್ತಿದ್ದೆವು. ನನ್ನ ಕೈಚೀಲದಲ್ಲಿ ಬಂಗಡೆ. ಐಸಿನ ನೀರು ತೊಟ್ಟಿಕ್ಕುತ್ತಿತ್ತು. ಯಾರೋ ಹುಬ್ಬಳ್ಳಿ ಕಡೆಯವನು, “ಅಕ್ಕಾರ, ಇಲ್ಲಿ ಗಡಿಯಾರ ರಿಪೇರಿ ಅಂಗಡಿ ಎಲ್ಲೈತ್ರಿ?” ಎಂದು ಕೇಳಿದ.

“ಹಿಂಗೇ ಸೀದಾ ಹೋಗು ತಮಾ. ಎಣ್ಣೆ ಅಂಗಡಿ ದಾಟಿ ಎಡಕ್ಕೆ,” ಎಂದಳು ನಾದಿನಿ.

ಅಷ್ಟಕ್ಕೆ ಬಿಡಬಾರದೇ? ಆತ ನಾಲ್ಕು ಹೆಜ್ಜೆ ಹಾಕಿರಲಿಲ್ಲ. “ತಮಾ, ನಿಲ್ಲು! ನಾ ಹೇಳ್ದೆ ಹೌದು. ಆದ್ರೆ ಅಲ್ಲಿ ಅದ್ಯಾ?”

“ಅದನ್ನ ನಾ ನಿಮ್ಮನ್ನ ಕೇಳಬೇಕ್ರಿ!”

“ಅದ್ಕೇ ಮತ್ತೆ. ನಡಿ, ನೋಡ್ವ.”

ಹೀಗೆ ಮುಂದೆ ಅವಳು, ನಡುವೆ ಆತ, ಹಿಂದೆ ತೊಟ್ಟಿಕ್ಕುತ್ತಿರುವ ನಾನು. ಹೋಗಿ ನೋಡಿದರೆ ಗಡಿಯಾರದವನಿದ್ದ ಜಾಗದಲ್ಲಿ ಮೊಬೈಲಿಗೆ ಅಂಗಿ ಹೊಲಿದಂಥ ಬಣ್ಣಬಣ್ಣದ ಕವರುಗಳನ್ನು ನೇತುಹಾಕಿದ್ದರು. ಬೇರೆಯವರಾದರೆ ಪೆಚ್ಚಾಗುತ್ತಿದ್ದರು. ಇವಳು ಗೆದ್ದವಳಂತೆ, “ನೋಡ್ದ್ಯಾ? ನಾ ಬರ್ದೇ ಇದ್ರೆ ನಿಂಗೆ ಕುರುಡು ಆಗ್ತಿತ್ತು!” ಎಂದಳು. ಆತ ಗಾಬರಿಯಿಂದ ಎರಡೂ ಕಣ್ಣು ಮುಟ್ಟಿ ನೋಡಿಕೊಂಡ. ಅಷ್ಟರಲ್ಲಿ ಹುಬ್ಬಳ್ಳಿ ಬಸ್ಸು ನಮ್ಮ ಮುಂದೆಯೇ ಹಾರ್ನ್ ಹೊಡೆಯುತ್ತ ಹೋಯಿತು. ಇಡೀ ಪೇಟೆ ನಮ್ಮನ್ನೇ ನೋಡುತ್ತಿತ್ತು. ನಾನು ಸೆರಗಿನಲ್ಲಿ ಮುಖ ಮುಚ್ಚಿಕೊಂಡೆ. ಚೀಲದೊಳಗಿನ ಬಂಗಡೆ ನನಗಿಂತ ಧೈರ್ಯವಾಗಿ ಕಣ್ಣು ಬಿಟ್ಟುಕೊಂಡಿತ್ತು.

ಏನಿದು ‘ಕುರುಡು’ ಎಂದು ನೀವು ಕೇಳಬಹುದು. ನಾನೂ ಕೇಳಿದ್ದೆ, ಅವಳು ಕೆಲಸಕ್ಕೆ ಸೇರಿದ ಹೊಸತರಲ್ಲಿ. ನಿಮ್ಮ ಅಜ್ಜ ನನ್ನನ್ನು ಹಲ್ಲು ಕೀಳಿಸಲು ಕಾರವಾರಕ್ಕೆ ಕರೆದೊಯ್ದವರು, ಅದು ಮುಗಿದ ಮೇಲೆ ಅವಳಿರುವ ಗ್ರಂಥಾಲಯದ ಬಾಗಿಲಲ್ಲಿ ನನ್ನನ್ನು ಬಿಟ್ಟು ಎಲ್ಲೋ ಹೋದರು. ಅಷ್ಟು ದೊಡ್ಡ ಮನೆ, ಅಷ್ಟು ಜನ, ಒಬ್ಬರೂ ಮಾತಾಡುತ್ತಿಲ್ಲ! ಒಳಗೆ ದೇವರಿರಬೇಕು ಎಂದುಕೊಂಡು ಬಾಗಿಲಲ್ಲೇ ಚಪ್ಪಲಿ ಬಿಟ್ಟೆ. ನಾದಿನಿ ನೋಡಿದಳು. ನಗಲಿಲ್ಲ. ಬಂದು ನನ್ನ ಚಪ್ಪಲಿಯ ಪಕ್ಕದಲ್ಲಿ ತನ್ನದನ್ನೂ ಬಿಟ್ಟಳು. ಆಮೇಲೆ ಬಂದವರು ಎರಡು ಜೊತೆ ಕಂಡು ತಾವೂ ಬಿಟ್ಟರು. ನಾವು ಹೊರಗೆ ಬರುವಾಗ ಬಾಗಿಲಲ್ಲಿ ಚಪ್ಪಲಿಯ ರಾಶಿ! ಏನೋ ಹೊಸ ಕಾನೂನು ಬಂದಿದೆ ಎಂದು ಅವಳ ಸಾಹೇಬರೂ ಬರಿಗಾಲಲ್ಲಿ ತಿರುಗುತ್ತಿದ್ದರು.

ಆವತ್ತು ಅವಳು ಡ್ರಾಯರು ಎಳೆದು ತೋರಿಸಿದಳು. ‘ಮತ್ಸ್ಯ’ ಎಂದು ಹುಡುಕಿದರೆ ಒಂದು ಕಾರ್ಡು. ಅದರಲ್ಲಿ ಪುಸ್ತಕದ ಹೆಸರಿಲ್ಲ. ‘ಮೀನು ನೋಡಿ’ ಎಂದಷ್ಟೇ ಇದೆ. ‘ಮೀನು’ ಎಂಬಲ್ಲಿಗೆ ಹೋದರೆ ಮೀನಿನ ಪುಸ್ತಕಗಳೆಲ್ಲ ಸಾಲಾಗಿ ಸಿಗುತ್ತವೆ. ಆ ಸಾಲಿನ ಕೊನೆಗೆ ಇನ್ನೊಂದು ಕಾರ್ಡು: ‘ಬಲೆ, ದೋಣಿ, ಇವನ್ನೂ ನೋಡಿ.’ ‘ನೋಡಿ’ ಎಂದರೆ, ಇಲ್ಲಿ ಏನೂ ಇಲ್ಲ, ಇರುವುದೆಲ್ಲ ಅಲ್ಲಿದೆ, ಹೋಗಿ ಎಂದು. ‘ಇದನ್ನೂ ನೋಡಿ’ ಎಂದರೆ, ಇಲ್ಲಿಯೂ ಉಂಟು, ಅಲ್ಲಿಯೂ ಸ್ವಲ್ಪ ಉಂಟು, ಹೊತ್ತಿದ್ದರೆ ಹೋಗಿ ಬನ್ನಿ ಎಂದು. ಒಂದು ಕಳಿಸುವುದು, ಇನ್ನೊಂದು ಕರೆಯುವುದು.

ಈಗ ಮೀನಿನ ಪುಸ್ತಕ ಗೆದ್ದಲು ತಿಂದು ಹೋಯಿತು ಎನ್ನಿ. ‘ಮೀನು’ ಕಾರ್ಡನ್ನು ಕಿತ್ತರು. ಆದರೆ ‘ಮೀನು ನೋಡಿ’ ಎನ್ನುವ ಕಾರ್ಡನ್ನು ಕೀಳಲು ಮರೆತರು. ಆಗ ಆ ಬಡಪಾಯಿ ಕಾರ್ಡು ಏನೂ ಇಲ್ಲದ ಕಡೆಗೆ ಕೈ ತೋರಿಸುತ್ತ ನಿಂತೇ ಇರುತ್ತದೆ. ಇದಕ್ಕೆ ಇಂಗ್ಲಿಷಿನಲ್ಲಿ ‘ಬ್ಲೈಂಡ್ ರೆಫರೆನ್ಸ್’ ಎನ್ನುತ್ತಾರಂತೆ. ನಾದಿನಿ ‘ಕುರುಡು ನೋಡಿ’ ಎಂದು ಮಾಡಿಕೊಂಡಿದ್ದಾಳೆ. ಇಲ್ಲಿ ಕುರುಡು ಓದುವವನಲ್ಲ, ಕಾರ್ಡು. ತಾನು ತೋರಿಸುವ ಕಡೆ ಏನಿದೆ ಎಂದು ಅದಕ್ಕೇ ಕಾಣುವುದಿಲ್ಲ. ಇನ್ನು ‘ಮತ್ಸ್ಯ’ದವನು ‘ಮೀನು ನೋಡಿ’ ಎಂದು, ‘ಮೀನಿ’ನವನು ‘ಮತ್ಸ್ಯ ನೋಡಿ’ ಎಂದರೆ ಅದು ‘ಸುತ್ತು ನೋಡಿ’. ಸರ್ಕಾರಿ ಕಚೇರಿಗೆ ಹೋದವರಿಗೆ ಅದನ್ನು ಬಿಡಿಸಿ ಹೇಳಬೇಕಾಗಿಲ್ಲ.

“ಕುರುಡು ನೋಡಿಗೆ ಎರಡೇ ಔಷಧ, ಅತ್ಗೆ,” ಎಂದಿದ್ದಳು. “ಒಂದೋ ಕೈ ತೋರ್ಸೂ ಕಾರ್ಡು ಕಿತ್ತು ಒಗಿಬೇಕು. ಇಲ್ಲಾ, ಅದು ತೋರ್ಸಿದ ಕಡೆ ಹೊಸಾದು ಬರ್ದಿಡ್ಬೇಕು. ಮೇಲೆ ತಲೆಬರಹ, ಕೆಳಗೆ ವಿಷಯ.”

ನಾನು, “ಇಷ್ಟಕ್ಕೆಲ್ಲಾ ಸಂಬಳ ಕೊಡ್ತಾರಾ?” ಎಂದೆ. ಹಲ್ಲು ಕಿತ್ತ ಬಾಯಿ, ಹತ್ತಿ ತುಂಬಿದ್ದರಿಂದ ದನಿ ಅಳತೆ ತಪ್ಪಿತು. ಓದುತ್ತಿದ್ದವರೆಲ್ಲ ತಲೆಯೆತ್ತಿದರು. ಆ ನಾಚಿಕೆ ಈಗಲೂ ನನ್ನ ಕೆನ್ನೆಯಲ್ಲಿದೆ.

ಅವಳಿಗೆ ಮದುವೆ ಏಕಾಗಲಿಲ್ಲ ಎಂದು ಊರವರು ಕೇಳುತ್ತಾರೆ. ಆಗುವುದರಲ್ಲಿತ್ತು. ಹುಡುಗ ಮುಂಬೈಯಲ್ಲಿ ದೊಡ್ಡ ಕಂಪನಿಯಲ್ಲಿದ್ದಾನೆ ಎಂದು ಸಂಬಂಧ ಬಂದಿತ್ತು. ಎಲ್ಲರಿಗೂ ಖುಷಿ. ಇವಳು ಮಾತ್ರ, “ಅಲ್ಲಿ ಅದಾನಾ?” ಎಂದಳು. ಹೆಣ್ಣುಮಗಳು ಹೀಗೆ ಕೇಳಬಹುದೇ? ಅತ್ತೆಯವರು ಹಣೆ ಚಚ್ಚಿಕೊಂಡರು. ನಿಮ್ಮ ಅಜ್ಜ ತಂಗಿಯ ಮಾತಿಗೆ ಕಟ್ಟುಬಿದ್ದು, ಮುಂಬೈಯಲ್ಲಿದ್ದ ನಂಟರೊಬ್ಬರನ್ನು ಹೋಗಿ ನೋಡಲು ಹೇಳಿದರು. ನೋಡಿದರೆ ಕಂಪನಿಯೂ ಇತ್ತು, ಹುಡುಗನ ಖೋಲಿಯೂ ಇತ್ತು. ಖೋಲಿಯಲ್ಲಿ ಹುಡುಗನ ಹೆಂಡತಿಯೂ ಇದ್ದಳು! ಅಂದಿನಿಂದ ಮನೆಯಲ್ಲಿ ಯಾರೂ ಇವಳ ಬಾಯಿ ಮುಚ್ಚಿಸುವ ಧೈರ್ಯ ಮಾಡಲಿಲ್ಲ. ಫಲ ಉಣ್ಣುತ್ತಿರುವವಳು ನಾನು.

ಹೆದ್ದಾರಿ ಅಗಲವಾದ ಮೇಲಂತೂ ಅವಳಿಗೆ ಕೈತುಂಬ ಕೆಲಸ. ದಾರಿ ಬದಿಯ ಮರಗಳೆಲ್ಲ ಹೋದವು, ಮರದ ಹೆಸರಿನ ಸ್ಟಾಪುಗಳು ಉಳಿದವು. ಕಾರವಾರಕ್ಕೆ ಹೋಗುವಾಗ ಒಮ್ಮೆ ಕಂಡಕ್ಟರ್, “ಗೋಳಿಮರ ಯಾರು? ಗೋಳಿಮರ ಇಳೀರಿ!” ಎಂದು ಕೂಗಿದ. ನಾದಿನಿ ಸೀಟಿನಿಂದ ಎದ್ದಳು. ನಾನು ಅವಳ ಸೀರೆ ಹಿಡಿದು ಎಳೆದೆ. ಕೇಳುತ್ತಾಳೆಯೇ?

“ಎಲ್ಲದೆ ಮರ? ತೋರ್ಸು ತಮಾ.”

“ಮರ ಇಲ್ಲಾ ಅಮಾ, ಸ್ಟಾಪ್ ಅದೆ.”

“ಮರ ಇಲ್ದೇ ಗೋಳಿಮರ ಸ್ಟಾಪ್ ಹೆಂಗೆ ಆಗ್ತದೆ? ಹೊಸಬ ಬಂದವ ಮರ ಹುಡುಕ್ತಾ ಗೋವಾಕ್ಕೆ ಹೋಗ್ಲಾ?”

“ಅದು ಸರ್ಕಾರಕ್ಕೆ ಕೇಳಿ.”

“ಸರ್ಕಾರ ಎಲ್ಲದೆ? ಅದನ್ನಾದ್ರೂ ತೋರ್ಸು!”

ಬಸ್ಸಿಗೆ ಬಸ್ಸೇ ನಕ್ಕಿತು. ಡ್ರೈವರ್ ಸ್ಟೇರಿಂಗಿನ ಮೇಲೆ ತಲೆಯಿಟ್ಟು ನಗುತ್ತಿದ್ದ. ಕಂಡಕ್ಟರ್ ನನ್ನ ಕಡೆ ತಿರುಗಿ, “ಇವ್ರು ನಿಮ್ಮ ಜೊತೆಗೆ ಬಂದವ್ರಾ?” ಎಂದು ಕೇಳಿದ. ನಾನು ಕಿಟಕಿಯ ಹೊರಗೆ, ಇಲ್ಲದ ಗೋಳಿಮರವನ್ನು ತುಂಬ ಹೊತ್ತು ನೋಡಿದೆ.

ಇದೆಲ್ಲ ಹೊರಗಿನ ಮಾತಾಯಿತು. ಅಡಿಗೆಮನೆಯಲ್ಲಾದರೂ ನನ್ನ ಮಾನ ಉಳಿದಿದೆಯೇ? ನಮ್ಮಲ್ಲಿ ಬಿಸ್ಕಿಟ್ ಡಬ್ಬದಲ್ಲಿ ಒಣಮೀನು, ಚಹಾಪುಡಿ ಡಬ್ಬದಲ್ಲಿ ಉದ್ದಿನಬೇಳೆ ಇರುವುದು ಮೊದಲಿನಿಂದಲೂ ರೂಢಿ. ಅದು ನನ್ನ ಕೈಗೆ ಗೊತ್ತು, ಕಣ್ಣಿಗೆ ಗೊತ್ತಾಗಬೇಕಾಗಿಲ್ಲ. ಇವಳು ಬಂದವಳೇ ಡಬ್ಬಕ್ಕೊಂದು ಚೀಟಿ ಅಂಟಿಸಿದಳು. ‘ಸಕ್ಕರೆ: ಹಿತ್ತಾಳೆ ಡಬ್ಬ ನೋಡಿ.’ ಹೀಗೆ. ಕದ್ವಾಡದ ಬೀಗಿತಿ, ಅಂದರೆ ನಿಮ್ಮ ಅಮ್ಮನ ಅಮ್ಮ, ಒಂದು ದಿನ ಬಂದವರು, “ನೀವು ಕೂತ್ಕಳಿ, ಚಹಾ ನಾ ಮಾಡ್ತೆ,” ಎಂದು ಒಳಗೆ ಹೋದರು. ಸಕ್ಕರೆ ಎಂದು ಬರೆದ ಡಬ್ಬ ತೆಗೆದರು. ‘ಹಿತ್ತಾಳೆ ಡಬ್ಬ ನೋಡಿ.’ ಹಿತ್ತಾಳೆ ಡಬ್ಬ ನೋಡಿದರು. ‘ಮೇಲಿನ ಭರಣಿ ನೋಡಿ.’ ಸ್ಟೂಲು ಹಾಕಿ ಹತ್ತಿ ಭರಣಿ ಇಳಿಸಿದರು. ಅದರೊಳಗಿನ ಚೀಟಿಯನ್ನು ಜಗಲಿಯಲ್ಲಿದ್ದ ಗಂಡಸರಿಗೂ ಕೇಳುವಂತೆ ಗಟ್ಟಿಯಾಗಿ ಓದಿದರು: “ಸಕ್ಕರೆ ತೀರಿದೆ. ಯಾರನ್ನೂ ಎಲ್ಲಿಗೂ ಕಳಿಸುವುದಿಲ್ಲ. ಕ್ಷಮಿಸಿ.”

ಭೂಮಿ ಬಾಯಿ ಬಿಡಲಿಲ್ಲ. ಬಿಟ್ಟಿದ್ದರೆ ನಾನು ಅಲ್ಲೇ ಇಳಿದುಬಿಡುತ್ತಿದ್ದೆ. ನಾದಿನಿ ಮಾತ್ರ, “ಕಡೆಗೆ ಸತ್ಯ ಸಿಕ್ತಲ್ಲಾ!” ಎಂದು ಬೆಲ್ಲ ತಂದಿಟ್ಟಳು.

ಇಷ್ಟೆಲ್ಲ ಅವಳ ಮೇಲೆ ಹೇಳಿದ ಮೇಲೆ ನನ್ನದೂ ಒಂದು ಹೇಳದಿದ್ದರೆ ನ್ಯಾಯವಲ್ಲ. ನಮ್ಮ ಕಾಲದಲ್ಲಿ ಹೆಂಗಸರು ಗಂಡನ ಹೆಸರು ಹೇಳುತ್ತಿರಲಿಲ್ಲ. ಹೇಳಿದರೆ ಅವರ ಆಯುಷ್ಯ ಕಡಿಮೆಯಾಗುತ್ತದೆ ಎನ್ನುತ್ತಿದ್ದರು. ಕಚೇರಿಯಲ್ಲಿ ಕೇಳಿದರೂ ಪಕ್ಕದಲ್ಲಿದ್ದವರು ಹೇಳಬೇಕು. ನಿಮ್ಮ ಅಜ್ಜನದೋ ನಮ್ಮ ಸೀಮೆಯ ಒಂದು ದೇವರ ಹೆಸರು. ಹಾಗಾಗಿ ನಾನು ಆ ದೇವರ ಹೆಸರನ್ನೂ ಬಿಟ್ಟೆ! ಒಮ್ಮೆ ಅದೇ ದೇವರ ಗುಡಿಯ ಮುಂದೆ, ಕೈಯಲ್ಲಿ ಹಣ್ಣುಕಾಯಿ ಹಿಡಿದು ನಿಂತಿದ್ದೆ. ಕಾರಿನಲ್ಲಿ ಬಂದ ಯಾರೋ, “ಅಮ್ಮಾ, ಇದು ಯಾವ ದೇವರ ಗುಡಿ?” ಎಂದರು.

“ದೇವ್ರ ಗುಡಿ,” ಎಂದೆ.

“ಯಾವ ದೇವರು?”

“ನಮ್ಮನೆಯವ್ರ ಹೆಸ್ರಿನ ದೇವ್ರು.”

“ಮನೆಯವರ ಹೆಸರೇನು?”

“ಈ ದೇವ್ರದ್ದೇ.”

ಅವರು ಒಬ್ಬರ ಮುಖ ಒಬ್ಬರು ನೋಡಿಕೊಂಡು ಗಾಜು ಏರಿಸಿ ಹೋದರು. ಗುಡಿಯ ಮೆಟ್ಟಿಲ ಮೇಲೆ ನಾದಿನಿ ಹೊಟ್ಟೆ ಹಿಡಿದುಕೊಂಡು ಕುಳಿತಿದ್ದಳು. “ಅತ್ಗೆ! ಅಷ್ಟು ವರ್ಷ ನೌಕ್ರಿ ಮಾಡ್ದೆ. ಇಂಥಾ ಸುತ್ತು ನೋಡಿ ಒಂದೂ ಕಂಡಿಲ್ಲ ನಾನು!” ಹಿಂದಿನಿಂದ ನಿಮ್ಮ ಅಜ್ಜ ಪ್ರದಕ್ಷಿಣೆ ಮುಗಿಸಿಕೊಂಡು ಬಂದರು. “ಯಂತಾ ಆಯ್ತು?” ಎಂದರು. ನಾನು ಸೆರಗು ಎಳೆದುಕೊಂಡೆ.

ಹೆಸರು ಮಾತ್ರವಲ್ಲ ಮಕ್ಕಳೇ, ಯಾವ ಮಾತನ್ನೂ ನಾನು ನನ್ನ ಮೇಲೆ ಹಾಕಿಕೊಂಡವಳಲ್ಲ. ಯಾರು ಏನು ಕೇಳಲಿ, ಬಾಗಿಲ ಸಂದಿಯಿಂದ ಒಂದೇ ಉತ್ತರ: “ಅವ್ರನ್ನ ಕೇಳಿ.” ಹಾಲಿನವನು ಬಂದರೂ ಅದೇ, ಹೆಣ್ಣು ಕೇಳಲು ಬಂದರೂ ಅದೇ. ಅವರು ಇರುವಷ್ಟು ದಿನ ಅದರಲ್ಲಿ ತಪ್ಪೇನೂ ಇರಲಿಲ್ಲ. ಕೇಳಿದವರಿಗೆ ಉತ್ತರ ಸಿಗುತ್ತಿತ್ತು.

ಅವರು ಹೋದ ಮೇಲೆ, ದಿನಕರ್ಮಗಳು ಮುಗಿದು ನಂಟರೆಲ್ಲ ಹೋಗುವ ಹೊತ್ತಿಗೆ, ಕಾಯಿ ಕೊಯ್ಯುವವನು ಅಂಗಳಕ್ಕೆ ಬಂದ. ಅವರ ಚಿತೆಗೆ ಕಟ್ಟಿಗೆ ಒಟ್ಟಿದವನೇ ಅವನು. “ಅಮಾ, ಕಾಯಿ ಬಲ್ತದೆ. ಕೊಯ್ಲಾ?” ಎಂದ. ನಾನು ಒಳಗಿನಿಂದ, ಬಾಯಿಗೆ ರೂಢಿಯಾದ ಹಾಗೆ, “ಅವ್ರನ್ನೊಂದ್ ಮಾತು ಕೇಳು,” ಎಂದುಬಿಟ್ಟೆ.

ಅಂಗಳದಲ್ಲಿ ನಿಂತವರೆಲ್ಲ ಕಲ್ಲಾದರು. ಕಾಯಿ ಕೊಯ್ಯುವವನು ನೆಲ ನೋಡಿದ. ನನಗೆ ಗೋಡೆಯೊಳಗೆ ಸೇರಿಕೊಳ್ಳುವ ಹಾಗಾಯಿತು. ಜಗಲಿಯ ಮೇಲೆ ನಾದಿನಿ ಇದ್ದಳು. ಇಲ್ಲದ ಮರಕ್ಕೆ ಕಂಡಕ್ಟರನನ್ನು ಬಿಡದವಳು, ಈಗ ಇಷ್ಟು ಜನರ ಮುಂದೆ ನನ್ನನ್ನು ಬಿಡುತ್ತಾಳೆಯೇ? ‘ಅಲ್ಲಿ ಅದಾನಾ?’ ಎಂದು ಕೇಳಿಯೇ ಕೇಳುತ್ತಾಳೆ ಎಂದು ಕಣ್ಣು ಮುಚ್ಚಿದೆ.

ಅವಳು ಎದ್ದು ನಿಂತಳು. ತೀರಾ ಸಾಮಾನ್ಯ ದನಿಯಲ್ಲಿ, “ಆಯ್ತು. ಕೇಳಿ ಹೇಳ್ತೆ. ನೀ ನಾಳೆ ಬಾ,” ಎಂದಳು. ಅವನು ಹೋದ. ಇವಳು ಬಾವಿಕಟ್ಟೆಯ ಕಡೆ ಹೋದವಳು ಬಹಳ ಹೊತ್ತು ಬರಲಿಲ್ಲ.

ಆ ಮಾತನ್ನು ನಾವಿಬ್ಬರೂ ಮತ್ತೆ ಎತ್ತಲಿಲ್ಲ, ಈ ಮಳೆಗಾಲದವರೆಗೆ.

ಈ ಮಳೆಗಾಲದಲ್ಲಿ, ನಿಮ್ಮೆಲ್ಲರಲ್ಲಿ ಸಣ್ಣವಳು, ಅಜ್ಜ ಹೋಗುವಾಗ ತೊಟ್ಟಿಲಲ್ಲಿದ್ದವಳು, ಫೋಟೋದ ಕೆಳಗೆ ನಿಂತು, “ಅಜ್ಜ ನಗ್ತಿದ್ರಾ?” ಎಂದು ಕೇಳಿದಳು. ಅವಳ ಅಪ್ಪ ಶರ್ಟಿನ ಗುಂಡಿ ಹಾಕಿಕೊಳ್ಳುತ್ತ, “ಅಜ್ಜಿಗೆ ಕೇಳು,” ಎಂದ. ನನ್ನ ಹತ್ತಿರ ಬಂದಳು. ನಾನು ಈಳಿಗೆಮಣೆಯ ಮೇಲೆ ಕಾಯಿ ತುರಿಯುತ್ತಿದ್ದೆ. ಗಂಡನ ಸುದ್ದಿಯನ್ನು ಮೊಮ್ಮಗಳ ಮುಂದೆ ಹೇಳುವುದೆಂದರೆ! ಮುಖ ಬಿಸಿಯಾಯಿತು. “ಕಾರವಾರ ಅಜ್ಜಿಗೆ ಕೇಳು. ಅವ್ರ ತಂಗಿ ಅವ್ಳು,” ಎಂದೆ. ಹೋದಳು.

ಸ್ವಲ್ಪ ಹೊತ್ತಿಗೆ ನಾದಿನಿ ಬಂದಳು, ಹುಬ್ಬಳ್ಳಿಯವನನ್ನು ಕರೆದೊಯ್ದ ಹಾಗೆಯೇ, ಹುಡುಗಿಯ ಕೈ ಹಿಡಿದುಕೊಂಡು.

“ಅತ್ಗೆ, ಇವ್ಳನ್ನ ನಿನ್ನ ಹತ್ರ ಕಳ್ಸುವ ಅಂದ್ಕಂಡೆ. ಆಮೇಲೆ ಸಂಶಯ ಬಂತು. ಅದ್ಕೆ ನಾನೇ ಬಂದೆ. ಇಲ್ಲಿ ಅದ್ಯಾ?”

“ನೀನೇ ಹೇಳೇ ಮಾರಾಯ್ತಿ. ನಿನ್ನ ಅಣ್ಣ ಅಲ್ವಾ?”

“ನಾ ಹೇಳೂದು ಪೇರಲೆ ಮರದಿಂದ ಬಿದ್ದದ್ದು, ನನ್ನ ಜಡೆ ಎಳ್ದದ್ದು. ಅದೆಲ್ಲಾ ‘ಇದನ್ನೂ ನೋಡಿ’. ಮುಖ್ಯ ಕಾರ್ಡು ನಿನ್ನ ಹತ್ರ.”

“ನಂಗೆ ನಾಚ್ಕೆ ಆಗ್ತದೆ.”

“ಆಗ್ಲಿ. ಆದ್ರೆ ಈ ಕೂಸು ಸುತ್ತಿ ಸುತ್ತಿ ಬರಿಗೈಲಿ ಹೋತದೆ, ಅತ್ಗೆ.” ಅವಳು ಹುಡುಗಿಯ ಕೈ ಬಿಟ್ಟು ನನ್ನ ಮುಂದೆ ಕುಕ್ಕರಿಸಿದಳು. ದನಿ ಇಳಿಸಿ ಹೇಳಿದಳು: “ಆ ದಿನ ಕಾಯಿ ಕೊಯ್ಯೂಕೆ ಬಂದಾಗ ನಾ ಬಿಟ್ಟೆ. ಆ ‘ಅವ್ರನ್ನ ಕೇಳು’ ಕಾರ್ಡು ಕೀಳೂಕೆ ನಂಗೂ ಕೈ ಬರ್ಲಿಲ್ಲ. ಕೀಳೂಕೆ ಆಗುದಿಲ್ಲ ಅಂದ್ರೆ, ಬರ್ದಿಡೂದು ಒಂದೇ ಅಲ್ವಾ ಉಳ್ದದ್ದು?”

ಬಾಯಲ್ಲಿ ಬರುವುದಿಲ್ಲ, ಬರೆಯುತ್ತೇನೆ ಎಂದೆ. ಬರೆಯಲು ಕುಳಿತೆ. ನೋಡಿ, ಅಜ್ಜನ ಬಗ್ಗೆ ಎಂದು ಕುಳಿತವಳು ಇಷ್ಟು ದೂರ ಬಸ್ಸು, ಬಂಗಡೆ, ಡಬ್ಬ, ಭರಣಿ ಎಂದು ನಿಮ್ಮನ್ನು ಸುತ್ತಿಸಿದ್ದೇನೆ. ನಾದಿನಿಯ ಬೆನ್ನ ಹಿಂದೆ ನಿಂತು ಮಾತಾಡಿದ್ದೇನೆ. ಇನ್ನು ಯಾರನ್ನೂ ಎಲ್ಲಿಗೂ ಕಳಿಸುವುದಿಲ್ಲ.

ನಗುತ್ತಿದ್ದರು. ಸದ್ದು ಬರುತ್ತಿರಲಿಲ್ಲ, ಹೆಗಲು ಮಾತ್ರ ಕುಣಿಯುತ್ತಿತ್ತು. ಹಿಂದೆ ಕುಳಿತವರಿಗಷ್ಟೇ ಗೊತ್ತಾಗುವ ನಗು. ಇಶಾಡ ಮಾವಿನ ಮೊದಲ ಹಣ್ಣು ಬಿದ್ದರೆ ಯಾರಿಗೂ ಹೇಳದೆ ತಂದು ನನ್ನ ಅಕ್ಕಿ ಡಬ್ಬದೊಳಗೆ ಇಡುತ್ತಿದ್ದರು. ನಾನು ಅನ್ನಕ್ಕಿಡಲು ಕೈ ಹಾಕಿದಾಗ ಸಿಗಬೇಕು. ದಾರಿಯಲ್ಲಿ ಯಾವಾಗಲೂ ಮುಂದೆ ನಡೆಯುತ್ತಿದ್ದರು, ಜೊತೆಯಲ್ಲಿ ನಡೆದರೆ ನನಗೆ ನಾಚಿಕೆಯೆಂದು. ತಿರುಗಿ ನೋಡುತ್ತಿರಲಿಲ್ಲ. ಆದರೆ ಪ್ರತಿ ತಿರುವಿನಲ್ಲೂ, ನನ್ನ ಚಪ್ಪಲಿಯ ಸದ್ದು ಕೇಳುವವರೆಗೆ ಬೀಡಿ ಹಚ್ಚುವವರ ಹಾಗೆ ನಿಲ್ಲುತ್ತಿದ್ದರು. ಅವರಿಗೆ ಬೀಡಿಯ ಚಟವೇ ಇರಲಿಲ್ಲ.

ಇನ್ನೂ ಇದೆ, ಬರೆಯುತ್ತೇನೆ. ಮೊದಲು ತಲೆಬರಹವಾಗಬೇಕು ಎನ್ನುತ್ತಾಳೆ ನಾದಿನಿ. ಅದಿಲ್ಲದೆ ಕಾರ್ಡು ಎಲ್ಲಿಯೂ ನಿಲ್ಲುವುದಿಲ್ಲವಂತೆ. ಹೇಳಿದರೆ ಆಯುಷ್ಯ ಕಡಿಮೆಯಾಗುತ್ತದೆ ಎಂದು ಇಷ್ಟು ವರ್ಷ ತಡೆದಿದ್ದೆ. ಈಗ ಯಾರ ಆಯುಷ್ಯಕ್ಕೆ ಹೆದರಲಿ? ಆದರೂ ಎದ್ದು ಹೋಗಿ ಬಾಗಿಲು ಮುಂದೆ ಮಾಡಿ ಬಂದೆ. ಹೊಸ ಮದುವಣಗಿತ್ತಿಯಷ್ಟು ನಾಚಿಕೆ, ಈ ವಯಸ್ಸಿನಲ್ಲಿ!

ಬೊಮ್ಮಯ್ಯ.

ಬಾಗಿಲ ಆಚೆ ನಾದಿನಿ ನಿಂತಿರಬೇಕು, ಬಳೆ ಸದ್ದಾಯಿತು. ಒಳಗೆ ಬರಲಿಲ್ಲ.

“ಅತ್ಗೆ, ಅದ್ಯಾ?”

“ಅದೆ,” ಎಂದೆ.